ಮೂಳೆ ಶಸ್ತ್ರಚಿಕಿತ್ಸಾ ತಂಡಗಳ ನಿರಂತರ ಶಿಕ್ಷಣ: ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು

ವೈದ್ಯ ಪದವಿ ಪಡೆದು ವೃತ್ತಿಗಿಳಿದ ಮೇಲೂ ಓದು, ತರಬೇತಿ, ಕೈಕೆಲಸದ ಅಭ್ಯಾಸಗಳನ್ನು ಬಿಡದೆ ನಡೆಸಿಕೊಂಡು ಹೋಗುವ ವ್ಯವಸ್ಥೆಗೆ ನಿರಂತರ ವೈದ್ಯಕೀಯ ಶಿಕ್ಷಣ ಎಂದು ಹೆಸರು. ಆಸ್ಪತ್ರೆಯ ಆಡುಮಾತಿನಲ್ಲಿ ಇದು ‘ಸಿಎಂಇ’. ‘ಡಾಕ್ಟ್ರು ಸಿಎಂಇಗೆ ಹೋಗ್ಯಾರ’ ಎಂಬ ಮಾತು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಕೇಳಿಬಂದರೆ, ಆ ದಿನ ಎಲುಬಿನ ಡಾಕ್ಟರು ಬಳ್ಳಾರಿಯಲ್ಲೋ ದಾವಣಗೆರೆಯಲ್ಲೋ ಇದ್ದಾರೆಂದು ಅರ್ಥ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಈ ಶಿಕ್ಷಣ ಒಬ್ಬರಿಗೆ ಮಾತ್ರ ಬೇಕಾದದ್ದಲ್ಲ. ಮುರಿದ ಕಾಲು ನೆಟ್ಟಗಾಗಲು ರಸ್ತೆಬದಿಯಲ್ಲಿ ಅದನ್ನು ಅಲುಗದಂತೆ ಕಟ್ಟಿದ 108 ಆಂಬುಲೆನ್ಸಿನ ಸಿಬ್ಬಂದಿ, ರಾತ್ರಿ ಪಾಳಿಯ ವೈದ್ಯಾಧಿಕಾರಿ, ಎಕ್ಸ್‌ರೇ ತಂತ್ರಜ್ಞ, ಅರಿವಳಿಕೆ ತಜ್ಞ, ಥಿಯೇಟರಿನ ನರ್ಸು, ಸಿಮೆಂಟು ಪಟ್ಟಿ ಹಾಕುವಾಗ ಕಾಲು ಹಿಡಿದು ನಿಲ್ಲುವ ಡಿ ಗ್ರೂಪ್ ನೌಕರ, ಕೊನೆಗೆ ಫಿಸಿಯೋಥೆರಪಿಸ್ಟ್, ಇಷ್ಟು ಜನರ ಕೈ ಸೇರಬೇಕು. ನಿಯಮಗಳು ಮಾತ್ರ ಗಂಟೆಗಳನ್ನು ಒಬ್ಬೊಬ್ಬರ ಹೆಸರಿನಲ್ಲಿ ಬೇರೆಬೇರೆಯಾಗಿ ಎಣಿಸುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಂಥ ಸೀಮೆಯಲ್ಲಿ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಸೀಮೆ ಮತ್ತು ಅದರ ಗಾಯಗಳು

ಹಳೆಯ ಬಳ್ಳಾರಿ ಜಿಲ್ಲೆಯ ‘ಪಶ್ಚಿಮ ತಾಲ್ಲೂಕುಗಳು’ ಎಂದು ಕರೆಸಿಕೊಳ್ಳುತ್ತಿದ್ದ ಈ ಪ್ರದೇಶ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದಲ್ಲಿತ್ತು. ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯ ಪಾಲಾಯಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗಿ ಇನ್ನೂ ಹೆಚ್ಚು ವರ್ಷಗಳಾಗಿಲ್ಲ. ಈ ಗಡಿ ಬದಲಾವಣೆಗಳಿಗೂ ಮೂಳೆ ಚಿಕಿತ್ಸೆಗೂ ಏನು ಸಂಬಂಧ ಎನ್ನಿಸಬಹುದು. ಸರ್ಕಾರಿ ಸಿಬ್ಬಂದಿಯನ್ನು ತರಬೇತಿಗೆ ಕಳಿಸುವ ಆದೇಶ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಿಂದ ಬರುತ್ತದೆ, ರೋಗಿ ಮಾತ್ರ ಬಸ್ಸಿನ ದಾರಿ ಹಿಡಿದು ಹೋಗುತ್ತಾನೆ. ಹರಪನಹಳ್ಳಿಯ ಕಡತ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೋದರೆ ಕಾಲು ಮುರಿದವನು ದಾವಣಗೆರೆಗೆ ಹೋಗುತ್ತಾನೆ. ಹಡಗಲಿಯವನಿಗೆ ಹೊಳೆ ದಾಟಿದರೆ ಮುಂಡರಗಿ, ಗದಗ. ಕೂಡ್ಲಿಗಿಯವನಿಗೆ ಬಳ್ಳಾರಿ ಅಥವಾ ಹೊಸಪೇಟೆ. ಶಸ್ತ್ರಚಿಕಿತ್ಸೆ ಮಾಡಿದವರು ಮತ್ತು ಆಮೇಲೆ ಗಾಯ ನೋಡಿಕೊಳ್ಳುವವರು ಬೇರೆ ಬೇರೆ ಜಿಲ್ಲೆಯವರಾದಾಗ ಒಬ್ಬರ ತಪ್ಪಿನಿಂದ ಇನ್ನೊಬ್ಬರು ಕಲಿಯುವುದು ನಿಂತುಹೋಗುತ್ತದೆ.

ಇಲ್ಲಿ ಎಲುಬು ಮುರಿಯುವ ದಾರಿಗಳೇ ಬೇರೆ. ಸೊಲ್ಲಾಪುರ–ಮಂಗಳೂರು ಹೆದ್ದಾರಿ ಎಂದು ಹಳಬರು ಹೇಳುವ, ಈಗಿನ 50ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಹೊಸಪೇಟೆಯಿಂದ ಕೂಡ್ಲಿಗಿಯ ಮೇಲೆ ಚಿತ್ರದುರ್ಗಕ್ಕೆ ಹೋಗುತ್ತದೆ. ಲಾರಿ, ಬೈಕು, ಕೂಲಿಗಳನ್ನು ತುಂಬಿಕೊಂಡ ಟ್ರ್ಯಾಕ್ಟರ್ ಇವು ಒಂದಕ್ಕೊಂದು ಎದುರಾಗುವ ರಸ್ತೆ ಅದು. ಕೂಡ್ಲಿಗಿ ಕಡೆ ಹುಣಸೆ ಬಡಿಯುವ ಕಾಲಕ್ಕೆ ಮರದಿಂದ ಬಿದ್ದವರು ಬರುತ್ತಾರೆ: ಹಿಮ್ಮಡಿ, ಬೆನ್ನುಮೂಳೆ, ಮಣಿಕಟ್ಟು. ಎತ್ತರದಿಂದ ಕಾಲೂರಿ ಬಿದ್ದವನ ಹಿಮ್ಮಡಿ ಮುರಿದಿದ್ದರೆ ಬೆನ್ನನ್ನೂ ನೋಡಲೇಬೇಕೆಂಬುದು ಕಿರಿಯ ವೈದ್ಯರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು, ಏಕೆಂದರೆ ಕಾಲಿನ ನೋವು ಬೆನ್ನಿನ ನೋವನ್ನು ಮುಚ್ಚಿಬಿಡುತ್ತದೆ. ಮೆಕ್ಕೆಜೋಳ, ಶೇಂಗಾ ಒಕ್ಕುವ ಯಂತ್ರಗಳಿಗೆ ಕೈ ಸಿಕ್ಕವರದ್ದು ಇನ್ನೊಂದು ಬಗೆ. ತುಂಡಾದ ಬೆರಳನ್ನು ಮಂಜುಗಡ್ಡೆಯ ಮೇಲೆ ನೇರವಾಗಿ ಇಡಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯಲ್ಲಿಡಬೇಕು. ಇಷ್ಟು ಮಾತು ಗೊತ್ತಿರಬೇಕಾದದ್ದು ಬೆಂಗಳೂರಿನ ಕೈ ಶಸ್ತ್ರಚಿಕಿತ್ಸಕರಿಗಿಂತ ಮೊದಲು ಕಣದಲ್ಲಿರುವ ಆಶಾ ಕಾರ್ಯಕರ್ತೆಗೆ, ಆಂಬುಲೆನ್ಸ್ ಚಾಲಕನಿಗೆ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಗುಡ್ಡಗಳಲ್ಲಿ ಕರಡಿಧಾಮವಿದೆ. ಹೊಲಕ್ಕೆ, ಸೌದೆಗೆ ಹೋದವರ ಮೇಲೆ ಕರಡಿ ಎರಗಿದಾಗ ಮುಖ, ನೆತ್ತಿ, ಮುಂಗೈ ಒಟ್ಟಿಗೇ ಹರಿದಿರುತ್ತವೆ. ಮುಖ ಕಾಪಾಡಿಕೊಳ್ಳಲು ಮುಂಗೈ ಒಡ್ಡಿದ್ದರಿಂದ ಆ ಎಲುಬೂ ಮುರಿದಿರುತ್ತದೆ. ಇದನ್ನು ಮುರಿತವೆಂದಷ್ಟೇ ನೋಡಿದರೆ ರೇಬೀಸ್ ಲಸಿಕೆ ಮರೆತುಹೋಗುತ್ತದೆ, ಕಚ್ಚಿದ ಗಾಯವೆಂದಷ್ಟೇ ನೋಡಿದರೆ ಎಲುಬು ಮರೆತುಹೋಗುತ್ತದೆ.

ಜಾತ್ರೆಗಳದ್ದು ಪ್ರತ್ಯೇಕ ಅಧ್ಯಾಯ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿದು ಕೆಳಕ್ಕೆ ಬೀಳುವ ಗಳಿಗೆಗೆ ಡೆಂಕನಮರಡಿಯ ಸುತ್ತ ಸೇರುವ ಜನ, ಕುರುವತ್ತಿಗೆ ಬರುವ ಚಕ್ಕಡಿಗಳು, ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವ ಪಾದಯಾತ್ರಿಗಳು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ರಥೋತ್ಸವದ ವೇಳೆ ತೇರೇ ಉರುಳಿಬಿತ್ತು. ಒಂದೇ ಹೊತ್ತಿಗೆ ಹಲವರು ಗಾಯಗೊಂಡು ಬಂದಾಗ ಯಾರನ್ನು ಮೊದಲು ಒಳಗೆ ತೆಗೆದುಕೊಳ್ಳಬೇಕು, ಯಾರು ಕಾಯಬಹುದು ಎಂದು ವಿಂಗಡಿಸುವ ಕಲೆಯನ್ನು ಚಿತ್ರ ತೋರಿಸಿ ಕಲಿಸಲಾಗದು. ಜಾತ್ರೆಗೆ ಮುಂಚೆ ಆಸ್ಪತ್ರೆಯ ಅಂಗಳದಲ್ಲೇ ನಾಟಕ ಕಟ್ಟಿದಂತೆ ಆಡಿ ನೋಡಬೇಕು. ಬಯಲಾಟದ ಸೀಮೆಗೆ ಇದು ಕಷ್ಟದ ಕೆಲಸವೇನಲ್ಲ.

ಎಲುಬು ಕಟ್ಟುವವರು

ಮೂಳೆ ತಂಡದ ಮೊದಲ ಸದಸ್ಯ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿರುವುದಿಲ್ಲ. ಎಲುಬು ಮುರಿಯಿತೆಂದರೆ ಹಲವರು ಮೊದಲು ಹೋಗುವುದು ನಾಟಿ ವೈದ್ಯರ ಬಳಿಗೆ. ಬಿದಿರಿನ ದಬ್ಬೆ, ಬಟ್ಟೆಯ ಪಟ್ಟಿ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟಿನ ಲೇಪ, ಕೆಲವು ದಿನಕ್ಕೊಮ್ಮೆ ಬಿಚ್ಚಿ ಎಣ್ಣೆ. ಹಣ ಕಡಿಮೆ, ಊರು ಹತ್ತಿರ, ‘ರಾಡು ಹಾಕ್ತೀವಿ’ ಎಂಬ ಹೆದರಿಕೆಯಿಲ್ಲ. ಸರಿಯದೆ ಬಿರುಕಷ್ಟೇ ಬಿಟ್ಟ ಎಲುಬು ಈ ಕಟ್ಟಿನಲ್ಲೂ ಕೂಡಿಕೊಳ್ಳುತ್ತದೆ, ಏಕೆಂದರೆ ಕೂಡಿಕೊಳ್ಳುವುದು ಎಲುಬಿನ ಸ್ವಭಾವ. ಕಟ್ಟಿನ ಕೆಲಸ ಅದನ್ನು ಅಲುಗದಂತೆ ಹಿಡಿಯುವುದು ಮಾತ್ರ. ಹೀಗೆ ಕೂಡಿದ ಪ್ರತಿ ಎಲುಬೂ ಕಟ್ಟಿದವನ ಹೆಸರಿಗೆ ಸೇರುತ್ತದೆ.

ಅಪಾಯವಿರುವುದು ಬಿಗಿಯಲ್ಲಿ. ಮರದಿಂದ ಬಿದ್ದ ಮಗುವಿಗೆ ಮೊಣಕೈಯ ಮೇಲ್ಗಡೆ ಎಲುಬು ಮುರಿದಿದ್ದು, ಅದರ ಮೇಲೆ ದಬ್ಬೆ ಬಿಗಿದರೆ ಮುಂಗೈಗೆ ರಕ್ತ ನಿಲ್ಲುತ್ತದೆ. ಸ್ನಾಯು ಸತ್ತು ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮಾನ್ 1881ರಲ್ಲಿ ವಿವರಿಸಿದ, ಅವನ ಹೆಸರಿನಲ್ಲೇ ಪಠ್ಯಗಳಲ್ಲಿರುವ ಊನ ಇದು. ಕಟ್ಟು ಇನ್ನೂ ಬಿಗಿಯಾಗಿದ್ದರೆ ಕೈಯೇ ಕೊಳೆತು ಕತ್ತರಿಸಬೇಕಾಗುತ್ತದೆ. ಮೊಣಕೈ ಗಂಟನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಗಂಟು ಹಿಡಿದುಹೋಗಬಹುದು. ಸಿಮೆಂಟು ಪಟ್ಟಿಯೂ ಬಿಗಿಯಾದರೆ ಇದೇ ಅನಾಹುತ ಮಾಡೀತು ಎಂಬುದನ್ನು ಆಸ್ಪತ್ರೆಯವರು ಮರೆಯುವಂತಿಲ್ಲ. ಬೆರಳನ್ನು ಮೆಲ್ಲಗೆ ಎಳೆದಾಗ ಮಗು ಚೀರಿದರೆ ಪಟ್ಟಿಯನ್ನು ಚರ್ಮ ಕಾಣುವವರೆಗೂ ಸೀಳಬೇಕು, ಬೆಳಗಿನ ರೌಂಡ್ಸಿಗೆ ಕಾಯಬಾರದು. ಆ ನಿರ್ಧಾರ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿರುವ ನರ್ಸಿನದಾಗಿರುತ್ತದೆ.

ನಾಟಿ ವೈದ್ಯರನ್ನು ಬೈಯುವುದು ಸುಲಭ, ಕಲಿಸುವುದು ಹೆಚ್ಚು ಫಲ ಕೊಟ್ಟಿದೆ. ಇಥಿಯೋಪಿಯಾದಲ್ಲಿ ಎಲುಬು ಕಟ್ಟುವವರಿಗೆ ಕಡಿಮೆ ಅವಧಿಯ ತಿಳಿವಳಿಕೆ ಕೊಟ್ಟ ಮೇಲೆ ಕೊಳೆತ ಕೈಕಾಲು ಕತ್ತರಿಸಬೇಕಾದ ಪ್ರಸಂಗಗಳು ಇಳಿದವೆಂಬ ವರದಿ 2005ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಾ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಚರಿತ್ರೆಯಲ್ಲೂ ಇದಕ್ಕೆ ನೆಂಟಸ್ತಿಕೆಯುಂಟು. ತೊಡೆಮೂಳೆ ಮುರಿದಾಗ ಇಂದಿಗೂ ಬಳಸುವ ಥಾಮಸ್ ಸ್ಪ್ಲಿಂಟ್ ಮಾಡಿದ ಹ್ಯೂ ಓವೆನ್ ಥಾಮಸ್ (1834–1891) ವೇಲ್ಸ್‌ನ ಆಂಗಲ್‌ಸೀ ದ್ವೀಪದ ಎಲುಬು ಕಟ್ಟುವವರ ವಂಶದವನು. ತಂದೆ ಲಿವರ್‌ಪೂಲಿನಲ್ಲಿ ಅದೇ ಕಸುಬಿನವನು. ಮಗ ವೈದ್ಯಶಾಸ್ತ್ರ ಓದಿ ಬಂದು ಕುಲಕಸುಬಿನ ಕೈಚಳಕವನ್ನು ಶಾಸ್ತ್ರಕ್ಕೆ ತಂದ. ಅವನ ಸೋದರಳಿಯ ರಾಬರ್ಟ್ ಜೋನ್ಸ್ ಅದೇ ಸ್ಪ್ಲಿಂಟನ್ನು ಮೊದಲ ಮಹಾಯುದ್ಧದ ರಣರಂಗಕ್ಕೆ ಒಯ್ದು ಅಸಂಖ್ಯ ಸೈನಿಕರ ಜೀವ ಉಳಿಸಿದ. ಅಲ್ಲಿ ಕಣ್ಣು ಕಟ್ಟಿಕೊಂಡೇ ಸ್ಪ್ಲಿಂಟ್ ಹಾಕುವಷ್ಟು ಅಭ್ಯಾಸವನ್ನು ಸ್ಟ್ರೆಚರ್ ಹೊರುವವರಿಗೆ ಮಾಡಿಸಿದ್ದರು.

ಗಂಟೆಗಳ ಲೆಕ್ಕ

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳು ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದವು. 1961ರ ರಾಜ್ಯ ಕಾಯ್ದೆಯಡಿ ರೂಪುಗೊಂಡ ಕರ್ನಾಟಕ ವೈದ್ಯಕೀಯ ಪರಿಷತ್ತು ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲು ಇದೇ 30 ಕ್ರೆಡಿಟ್ ಗಂಟೆಗಳನ್ನು ಕೇಳುತ್ತದೆ. ಮಾನ್ಯತೆ ಪಡೆದ ಕಾರ್ಯಕ್ರಮಗಳಿಗೆ ಪರಿಷತ್ತಿನ ವೀಕ್ಷಕರು ಬರುವುದುಂಟು, ವೇದಿಕೆಯ ಮೇಲೆ ಅವರಿಗೊಂದು ಶಾಲೂ ಉಂಟು. ಭಾರತೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ವೃತ್ತಿನಡತೆ ನಿಯಮ ಹೊರಡಿಸಿ, ಅದೇ ತಿಂಗಳು ಅದನ್ನು ತಡೆಹಿಡಿಯಿತು. ನರ್ಸುಗಳಿಗೆ ಭಾರತೀಯ ಶುಶ್ರೂಷಾ ಪರಿಷತ್ತು ಐದು ವರ್ಷಕ್ಕೆ 150 ಗಂಟೆಗಳನ್ನು ಗೊತ್ತುಮಾಡಿದೆ. ವೈದ್ಯರ ಐದು ಪಟ್ಟು! ಫಿಸಿಯೋಥೆರಪಿಸ್ಟ್, ಎಕ್ಸ್‌ರೇ ಮತ್ತು ಥಿಯೇಟರ್ ತಂತ್ರಜ್ಞರು 2021ರ ಸಹವೈದ್ಯಕೀಯ ವೃತ್ತಿಗಳ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಬಂದರು. ಸಿಮೆಂಟು ಪಟ್ಟಿ ನೆನೆಸಿ ಕೊಡುವ ನೌಕರನಿಗೆ ಯಾವ ಪರಿಷತ್ತೂ ಇಲ್ಲ.

30 ಗಂಟೆ ಎಂದರೆ ವರ್ಷಕ್ಕೆ ಆರು ಗಂಟೆ, ಒಂದು ಭಾನುವಾರದ ಕೆಲಸ. ಗಂಟೆ ಕಡಿಮೆಯೆಂಬುದು ಇಲ್ಲಿಯ ಮುಖ್ಯ ದೂರಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ರೋಬೋ ಮಂಡಿಚಿಪ್ಪು ಬದಲಾವಣೆಯ ಉಪನ್ಯಾಸ ಕೇಳಿದರೂ ಅಷ್ಟೇ ಕ್ರೆಡಿಟ್, ಹರಪನಹಳ್ಳಿಯ ಥಿಯೇಟರಿನಲ್ಲಿ ತೆರೆದ ಮುರಿತ ತೊಳೆಯುವುದನ್ನು ಇಡೀ ತಂಡ ಒಟ್ಟಿಗೆ ಅಭ್ಯಾಸ ಮಾಡಿದರೆ ಕ್ರೆಡಿಟ್ ಬರುವುದು ಮೊದಲೇ ಅರ್ಜಿ ಹಾಕಿ ಮಾನ್ಯತೆ ಪಡೆದಿದ್ದರೆ ಮಾತ್ರ.

ಕಲಿಕೆಯ ಊರುಗಳು

ಈ ಐದು ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜಿಲ್ಲ, ಸುತ್ತ ಮಾತ್ರ ಕಾಲೇಜುಗಳ ಬಳೆಯೇ ಇದೆ. ಹುಬ್ಬಳ್ಳಿಯದು 1957ರದು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾಗಿ ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯಾಯಿತು. ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವಾದರೂ ಜನರ ಬಾಯಲ್ಲಿ ಇನ್ನೂ ‘ವಿಮ್ಸ್’. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಡಿ ಅಲ್ಲಿ ಅಪಘಾತ ಚಿಕಿತ್ಸಾ ಕೇಂದ್ರ ಕಟ್ಟಲಾಗಿದೆ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರದು. ಕೊಪ್ಪಳ, ಗದಗ ಸಂಸ್ಥೆಗಳು 2015ರಲ್ಲಿ ಬಂದವು. ಪದವಿ ಮುಗಿಸಿದವರಿಗೆ ಕಡ್ಡಾಯ ಸರ್ಕಾರಿ ಸೇವೆ ವಿಧಿಸಿದ 2012ರ ರಾಜ್ಯ ಕಾಯ್ದೆಯಿಂದಾಗಿ ಎಳೆಯ ತಜ್ಞರು ವರ್ಷದ ಮಟ್ಟಿಗೆ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವೂ 2020ರಿಂದೀಚೆಗೆ ಸೇರಿದೆ. ಹೊಸ ಪಾಠ ಹೊತ್ತು ತರುವವರು ಇವರೇ. ತಂಡಕ್ಕೆ ಕೈ ಹೊಂದುವಷ್ಟರಲ್ಲಿ ವರ್ಷ ಮುಗಿದಿರುತ್ತದೆ, ಉಳಿಯುವವರು ನರ್ಸುಗಳು ಮತ್ತು ತಂತ್ರಜ್ಞರು. ಆಸ್ಪತ್ರೆಯ ನೆನಪು ಅವರಲ್ಲಿರುತ್ತದೆ, ತರಬೇತಿಯ ಪತ್ರ ಮಾತ್ರ ಅವರ ಹೆಸರಿಗೆ ಅಪರೂಪಕ್ಕೆ ಬರುತ್ತದೆ.

ತಜ್ಞರ ಸಂಘಟನೆಗಳಲ್ಲಿ 1955ರಲ್ಲಿ ಹುಟ್ಟಿದ ಭಾರತೀಯ ಮೂಳೆ ಶಸ್ತ್ರಚಿಕಿತ್ಸಕರ ಸಂಘ, ಅದರ ರಾಜ್ಯಮಟ್ಟದ ಕರ್ನಾಟಕ ಸಂಘ ವರ್ಷವರ್ಷವೂ ಸಮ್ಮೇಳನ ನಡೆಸುತ್ತವೆ. ಆಗಸ್ಟ್ 4ನ್ನು ಮೂಳೆ ಮತ್ತು ಕೀಲು ದಿನವಾಗಿ ಆಚರಿಸುತ್ತವೆ.

ತರಬೇತಿಯ ಮಾದರಿಗಳು

ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಕೈಯಿಂದ ಕಲಿಯುವ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದ್ದು ಸ್ವಿಟ್ಜರ್ಲೆಂಡಿನ ‘ಎಓ’ ಬಳಗ. ಮಾರಿಸ್ ಮುಲ್ಲರ್, ಮಾರ್ಟಿನ್ ಆಲ್‌ಗೋವರ್, ಹಾನ್ಸ್ ವಿಲ್ಲೆನೆಗ್ಗರ್ ಮೊದಲಾದ 13 ಶಸ್ತ್ರಚಿಕಿತ್ಸಕರು 1958ರಲ್ಲಿ ಬೀಲ್ ಪಟ್ಟಣದಲ್ಲಿ ಕಟ್ಟಿದ ಈ ಬಳಗ 1960ರಲ್ಲಿ ದಾವೋಸಿನಲ್ಲಿ ಮೊದಲ ತರಬೇತಿ ನಡೆಸಿತು. ದೊಡ್ಡ ಪ್ರಾಧ್ಯಾಪಕರೂ ಬಡಗಿಯ ಮಗನಂತೆ ಡ್ರಿಲ್ ಹಿಡಿದು ಎಲುಬಿಗೆ ಪ್ಲೇಟು, ಸ್ಕ್ರೂ ಕೂರಿಸಿ ಕಲಿಯಬೇಕಾಯಿತು. ಥಿಯೇಟರಿನ ಸಿಬ್ಬಂದಿಗೂ ಬೇರೆಯದೇ ಪಾಠಕ್ರಮ ಬೇಕೆಂದು ಈ ಬಳಗ ಬೇಗನೆ ಕಂಡುಕೊಂಡಿತು. ಸಲಕರಣೆ ಎತ್ತಿ ಕೊಡುವವರಿಗೆ ಮುಂದಿನ ಹೆಜ್ಜೆ ಗೊತ್ತಿಲ್ಲದಿದ್ದರೆ ಶಸ್ತ್ರಚಿಕಿತ್ಸಕನ ವಿದ್ಯೆ ಅರ್ಧ. ಇಂಪ್ಲಾಂಟಿನ ಪೆಟ್ಟಿಗೆ ಆಪರೇಷನ್ ದಿನವಷ್ಟೇ ಬೇರೆ ಊರಿನ ವ್ಯಾಪಾರಿಯಿಂದ ಬಂದಿಳಿಯುವ ಸಣ್ಣ ಊರಿನ ಥಿಯೇಟರಿನಲ್ಲಿ ಇದು ಇನ್ನೂ ನಿಜ. ನರ್ಸು ಆ ಪೆಟ್ಟಿಗೆಯನ್ನು ತೆರೆದು ನೋಡುವುದು ಅದನ್ನು ಆಟೋಕ್ಲೇವಿಗೆ ಹಾಕುವ ಹೊತ್ತಿನಲ್ಲಿ. ಸ್ಕ್ರೂ ಅಳತೆ ಒಂದು, ಸ್ಕ್ರೂಡ್ರೈವರ್ ಇನ್ನೊಂದು ಎಂದು ಗೊತ್ತಾಗುವುದು ಮಾಂಸ ಸೀಳಿದ ಮೇಲಾಗಬಾರದು.

ಇನ್ನೊಂದು ಮಾದರಿ ಈ ತಾಲ್ಲೂಕುಗಳಿಗೆ ಹೆಚ್ಚು ಹತ್ತಿರದ್ದು, ಹುಟ್ಟಿದ್ದು ದೂರದ ಅಮೆರಿಕದ ಹೊಲದಲ್ಲಿ. 1976ರ ಫೆಬ್ರವರಿಯಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರಚಿಕಿತ್ಸಕ ತಾನೇ ನಡೆಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲವೊಂದಕ್ಕೆ ಅಪ್ಪಳಿಸಿತು. ಹೆಂಡತಿ ಸ್ಥಳದಲ್ಲೇ ತೀರಿಕೊಂಡರು, ಮಕ್ಕಳಿಗೆ ತೀವ್ರ ಗಾಯ. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ಕಂಡು ದಂಗಾದ ಅವರು, ಊರೂರಿನ ವೈದ್ಯರು ಗಾಯಾಳುವಿನ ಮೊದಲ ಗಂಟೆಯನ್ನು ಕ್ರಮವಾಗಿ ನಿಭಾಯಿಸುವ ಪಾಠವೊಂದನ್ನು ಗೆಳೆಯರೊಡನೆ ರೂಪಿಸಿದರು. 1978ರಲ್ಲಿ ಆರಂಭವಾದ ಅದನ್ನು 1980ರಲ್ಲಿ ಅಮೆರಿಕನ್ ಶಸ್ತ್ರಚಿಕಿತ್ಸಕರ ಕಾಲೇಜು ತನ್ನದಾಗಿಸಿಕೊಂಡಿತು. ಉಸಿರಿನ ದಾರಿ, ಉಸಿರಾಟ, ರಕ್ತಚಲನೆ, ಆಮೇಲೆ ಉಳಿದದ್ದು. ಹೊರಗೆ ಚಾಚಿಕೊಂಡ ಎಲುಬು ಎಲ್ಲರ ಕಣ್ಣು ಸೆಳೆಯುತ್ತದೆ, ಕೊಲ್ಲುವುದು ಒಳಗೆ ಸೋರುತ್ತಿರುವ ರಕ್ತ. ಸಲಕರಣೆ ಕಡಿಮೆಯಿರುವ ಆಸ್ಪತ್ರೆಗಳಿಗೆಂದು 1990ರ ದಶಕದಲ್ಲಿ ಬಂದ ‘ಪ್ರೈಮರಿ ಟ್ರಾಮಾ ಕೇರ್’ ಎಂಬ ಎರಡು ದಿನಗಳ ತರಬೇತಿಯೂ ಇದೇ ಹಾದಿಯದು, ಖರ್ಚು ಕಡಿಮೆ.

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ‘ಆರೋಗ್ಯ ಕವಚ’ ಈ ಮೊದಲ ಗಂಟೆಗೆ ಚಕ್ರ ಕೊಟ್ಟಿತು. 2016ರ ‘ಮುಖ್ಯಮಂತ್ರಿ ಸಾಂತ್ವನ – ಹರೀಶ್’ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಗೊತ್ತುಮಾಡಿತು. ವಾಹನ ಬಂತು, ಹಣವೂ ಬಂತು ಎಂದ ಮೇಲೆ ಉಳಿಯುವುದು ವಾಹನದಲ್ಲಿರುವವರ ಕೈಗೆ ಗೊತ್ತಿರುವುದೇನು ಎಂಬ ಪ್ರಶ್ನೆ. ತೆರೆದ ಮುರಿತಕ್ಕೆ ಆದಷ್ಟು ಬೇಗ, ಸಾಧ್ಯವಾದರೆ ಗಂಟೆಯೊಳಗೆ, ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಡುವುದೇ ಸೋಂಕು ತಡೆಯುವ ಮುಖ್ಯ ಉಪಾಯ. ಕೊಟ್ಟಿಗೆಯ ಗೊಬ್ಬರ ಮೆತ್ತಿದ ಗಾಯಕ್ಕೆ ಪೆನಿಸಿಲಿನ್ನನ್ನೂ ಸೇರಿಸುವುದು ರೂಢಿ. ಕೂಡ್ಲಿಗಿಯಿಂದ ಬಳ್ಳಾರಿಗೆ ‘ರೆಫರ್’ ಮಾಡುವ ಚೀಟಿಗಿಂತ ಆ ಚುಚ್ಚುಮದ್ದು ಮೊದಲು. ಚೀಟಿಯಲ್ಲಿ ಕೊಟ್ಟ ಸಮಯವನ್ನೂ ಬರೆದಿದ್ದರೆ ಬಳ್ಳಾರಿಯ ರೆಸಿಡೆಂಟ್ ಮನಸ್ಸಿನಲ್ಲೇ ಕೈ ಮುಗಿದಾನು.

ಥಿಯೇಟರಿನೊಳಗೆ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ ಒಂದೇ ಪುಟದ್ದು. ಅರಿವಳಿಕೆಗೆ ಮುನ್ನ, ಚರ್ಮ ಸೀಳುವ ಮುನ್ನ, ರೋಗಿ ಥಿಯೇಟರ್ ಬಿಡುವ ಮುನ್ನ ತಂಡ ನಿಂತು ಕೆಲವು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಎಡಗಾಲೋ ಬಲಗಾಲೋ ಎಂಬ ಪ್ರಶ್ನೆ ಮೂಳೆ ವಿಭಾಗದಷ್ಟು ಬೇರೆಲ್ಲೂ ಮುಖ್ಯವಲ್ಲ. ನಮ್ಮಲ್ಲಿ ತೊಡಕು ಕಾಗದದ್ದಲ್ಲ, ಬಾಯಿಯದು. ‘ಸರ್, ಇದು ಬಲಗಾಲಲ್ಲವಾ?’ ಎಂದು ಹಿರಿಯ ವೈದ್ಯರಿಗೆ ಹೇಳುವುದು ಕಿರಿಯ ನರ್ಸಿಗೆ ಅಷ್ಟು ಸಲೀಸಲ್ಲ. ಹೇಳಬಹುದೆಂಬ ಧೈರ್ಯವನ್ನು ಕಲಿಸುವುದು ಸ್ಕ್ರೂ ಹಾಕುವುದನ್ನು ಕಲಿಸುವುದಕ್ಕಿಂತ ನಿಧಾನದ ಕೆಲಸ, ಅದನ್ನು ಕೇಳಿಸಿಕೊಳ್ಳುವುದನ್ನು ವೈದ್ಯರಿಗೆ ಕಲಿಸುವುದು ಅದಕ್ಕಿಂತ ನಿಧಾನ.

ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಬಂದ ಮೇಲೆ ಮುರಿತವನ್ನು ತೆರೆಯದೆಯೇ ರಾಡು ಕೂರಿಸುವುದು ಸಾಧ್ಯವಾಯಿತು, ಜೊತೆಗೆ ವಿಕಿರಣವೂ ಥಿಯೇಟರಿಗೆ ಬಂತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಸೀಸದ ಏಪ್ರನ್ ತೂಕವೆಂದು ಬಿಚ್ಚಿಡುವುದು, ಎದೆಗೆ ಹಾಕಬೇಕಾದ ಬ್ಯಾಡ್ಜನ್ನು ಕಪಾಟಿನಲ್ಲಿ ಭದ್ರವಾಗಿಡುವುದು ಎಲ್ಲ ಊರಿನಲ್ಲೂ ಕಾಣುವ ಚಾಳಿ. ಕಿರಣ ಸೂಸುವ ಕೊಳವೆಯನ್ನು ಮೇಜಿನ ಕೆಳಗಿಟ್ಟು, ಚಿತ್ರ ಹಿಡಿಯುವ ಭಾಗವನ್ನು ಮೇಲಿಟ್ಟರೆ ತಂಡದ ಮುಖ, ಕುತ್ತಿಗೆಗೆ ಬೀಳುವ ಚದುರಿದ ಕಿರಣ ಬಹಳ ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ಪಾಠ ಹೇಳಿಕೊಡಲು ಐದು ನಿಮಿಷ ಸಾಕು.

ಈ ಸೀಮೆಯ ಎಲುಬು

ಪಠ್ಯಪುಸ್ತಕದ ಎಲುಬಿಗೂ ಇಲ್ಲಿಯ ಎಲುಬಿಗೂ ವ್ಯತ್ಯಾಸವಿರಬಹುದು. ಹಳೆಯ ಬಳ್ಳಾರಿ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಿಂದ 1937ರಲ್ಲೇ ಎಲುಬಿನ ಫ್ಲೋರೋಸಿಸ್ ವರದಿಯಾಗಿತ್ತು. ಅಂದರೆ ಈ ತಾಲ್ಲೂಕುಗಳನ್ನು ಆಳುತ್ತಿದ್ದ ಸರ್ಕಾರಕ್ಕೇ ರೋಗದ ಪರಿಚಯವಿತ್ತು. ಇಂಥ ಎಲುಬು ಎಕ್ಸ್‌ರೇಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕಂಡರೂ ಪೆಡಸು. ಡ್ರಿಲ್ ಬಿಸಿಯಾಗುತ್ತದೆ, ತುಂಡಾಗುವುದೂ ಉಂಟು. ಬೆನ್ನುಮೂಳೆಯ ನಡುವಿನ ತಂತುಗಳು ಸುಣ್ಣಗಟ್ಟಿರುವುದರಿಂದ ಬೆನ್ನಿಗೆ ಸೂಜಿ ಚುಚ್ಚಿ ಅರಿವಳಿಕೆ ಕೊಡುವುದು ಕಷ್ಟ. ಹೀಗಾಗಿ ಶಸ್ತ್ರಚಿಕಿತ್ಸಕ, ಅರಿವಳಿಕೆ ತಜ್ಞ ಇಬ್ಬರೂ ಹಿಂದಿನ ದಿನವೇ ಮುಂಗೈ ಎಕ್ಸ್‌ರೇ ನೋಡಿ ಮಾತಾಡಿಕೊಳ್ಳಬೇಕು. ಎರಡು ಮುಂಗೈಮೂಳೆಗಳ ನಡುವಿನ ಪೊರೆಯಲ್ಲಿ ಮುಳ್ಳಿನಂತೆ ಚಾಚಿದ ಸುಣ್ಣ ಕಂಡರೆ ರೋಗ ಗುರುತಾಗುತ್ತದೆ.

ಕುರಿ ಸಾಕುವವರ ನಾಡಿದು. ಕುರಿಗಾಹಿಯ ಬೆನ್ನುನೋವು, ಸಂಜೆಯ ಜ್ವರ, ಬೆವರು ಎಂದರೆ ಕ್ಷಯ ಎಂದು ಬರೆದುಬಿಡುವ ಅಭ್ಯಾಸವಿದೆ. ಬೆನ್ನುಮೂಳೆಯ ಕ್ಷಯವೂ ಇಲ್ಲಿ ಸಾಮಾನ್ಯವೇ. ಆದರೆ ಕುರಿಮೇಕೆಗಳಿಂದ ಬರುವ ಬ್ರುಸೆಲ್ಲೋಸಿಸ್ ಕೂಡ ಬೆನ್ನನ್ನೂ ಸೊಂಟದ ಸಂದನ್ನೂ ಹೀಗೆಯೇ ಹಿಡಿಯುತ್ತದೆ, ಔಷಧಿ ಮಾತ್ರ ಬೇರೆ. ‘ಕುರಿ ಅದಾವೇನು? ಮರಿ ಕಂದು ಹಾಕಿದ್ದವೇನು? ಹಸಿ ಹಾಲು ಕುಡೀತಿರೇನು?’ ಎಂಬ ಮೂರು ಪ್ರಶ್ನೆಗಳು ಎಂಆರ್‌ಐಗಿಂತ ಮೊದಲು ಬರಬೇಕು. ಪಶುವೈದ್ಯರನ್ನೂ ವರ್ಷಕ್ಕೊಮ್ಮೆ ಈ ಸಿಎಂಇಗೆ ಕರೆದರೆ ತಪ್ಪಿಲ್ಲ.

ಹುಟ್ಟಿನಿಂದ ಪಾದ ಒಳಕ್ಕೆ ತಿರುಚಿಕೊಂಡ ಮಕ್ಕಳ ಬಗ್ಗೆ ಗ್ರಹಣದ ಮಾತು ಇನ್ನೂ ಕೇಳುತ್ತದೆ. ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪಟ್ಟಿ, ಅನೇಕರಿಗೆ ಹಿಮ್ಮಡಿ ಸ್ನಾಯುರಜ್ಜುವಿನ ಸಣ್ಣ ಛೇದ, ಆಮೇಲೆ ಕೆಲವು ತಿಂಗಳು ಹಗಲಿರುಳು, ಮುಂದೆ ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ವಿಶೇಷ ಬೂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಗುರುತಿಸಬೇಕಾದ ಊನಗಳ ಪಟ್ಟಿಯಲ್ಲಿ ಇದೂ ಇದೆ. ಪಟ್ಟಿ ಹಾಕುವವರಿಗಿಂತ ಬೂಟು ಬಿಡದಂತೆ ನೋಡಿಕೊಳ್ಳುವ ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ಇದರ ಗೆಲುವಿದೆ.

ಹಣ, ಭಾಷೆ, ಫೋನು

ಸಿಎಂಇ ಊಟದ ಬಿಲ್ಲು ಯಾರು ಕೊಡುತ್ತಾರೆ ಎಂಬುದು ಹಳೆಯ ಪ್ರಶ್ನೆ. ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರಿನಲ್ಲಿ ನಿಷೇಧಿಸಿತು. ಕಂಪನಿಗಳ ಕಡೆಯ ನಡತೆಗೆ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಏಕರೂಪ ಸಂಹಿತೆ ಹೊರಡಿಸಿತು. ಪ್ಲೇಟು ಮಾರುವವನೇ ಪಾಠದ ಸಭಾಂಗಣಕ್ಕೂ ಬಾಡಿಗೆ ಕಟ್ಟಿದರೆ, ಪ್ಲೇಟು ಬೇಡದ ಮುರಿತದ ಬಗ್ಗೆ ಪಾಠ ಕಡಿಮೆಯಾಗುತ್ತದೆ. ಸಿಮೆಂಟು ಪಟ್ಟಿಯಲ್ಲೇ ವಾಸಿಯಾಗುವ ಮುಂಗೈ ಮುರಿತದ ಮೇಲೆ ಕಾರ್ಯಾಗಾರ ನಡೆಸಲು ಪ್ರಾಯೋಜಕರು ಸಿಕ್ಕುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ದಿನಾ ಬೇಕಾದ ವಿದ್ಯೆ ಅದೇ.

ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಥಿಯೇಟರ್ ಕನ್ನಡದಲ್ಲಿ ನಡೆಯುತ್ತದೆ. ವೈದ್ಯಕ ಪದಗಳನ್ನು ಕನ್ನಡಕ್ಕೆ ಒಗ್ಗಿಸಲು ಡಾ. ಡಿ.ಎಸ್. ಶಿವಪ್ಪನವರಂಥವರು ಬಾಳೆಲ್ಲ ದುಡಿದರು. ಸುರಕ್ಷತಾ ಪಟ್ಟಿ, ಪಟ್ಟಿಬಿಗಿತದ ಲಕ್ಷಣಗಳು, ಮನೆಗೆ ಕಳಿಸುವಾಗಿನ ಸೂಚನೆಗಳು ಕನ್ನಡದಲ್ಲಿ ಗೋಡೆಯ ಮೇಲಿದ್ದರೆ ಅದೇ ದಿನನಿತ್ಯದ ಸಿಎಂಇ. ‘ಸೊಂಟ ಮುರಿದ ಮುದುಕಿಯನ್ನು ಹಾಸಿಗೆಯಲ್ಲಿ ಬಿಡಬೇಡಿ, 48 ಗಂಟೆಯೊಳಗೆ ಆಪರೇಷನ್ ಆದರೆ ಎದ್ದು ಕೂರುತ್ತಾಳೆ’ ಎಂದು ಬರೆದು ಅಂಟಿಸಿದ ಕಾಗದವನ್ನು ಮನೆಯವರೂ ಓದುತ್ತಾರೆ.

ಸಮ್ಮೇಳನಗಳಿಗಿಂತ ಹೆಚ್ಚು ಕಲಿಕೆ ಈಗ ಮೊಬೈಲಿನಲ್ಲಿ ನಡೆಯುತ್ತಿದೆ. ರಾತ್ರಿ ಪಾಳಿಯ ವೈದ್ಯರು ಎಕ್ಸ್‌ರೇ ಫೋಟೋವನ್ನು ಹಿರಿಯರ ವಾಟ್ಸಾಪಿಗೆ ಹಾಕುತ್ತಾರೆ, ಎರಡು ಸಾಲಿನ ಉತ್ತರ ಬರುತ್ತದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರು ವೈದ್ಯರನ್ನು ಹೀಗೆ ಕೇಳುವುದಕ್ಕೆ ಒಪ್ಪಿಗೆ ಕೊಟ್ಟಿದೆ, ಚಿಕಿತ್ಸೆಯ ಹೊಣೆ ರೋಗಿಯ ಮುಂದಿರುವವರದೇ. ಹೆಸರು ಮರೆಮಾಡಿ ಫೋಟೋ ಕಳಿಸುವ ಶಿಸ್ತು ಇನ್ನೂ ಬೇರೂರಿಲ್ಲ. ಬಳ್ಳಾರಿಯಲ್ಲಿ ಆಪರೇಷನ್ ಆದ ಮೇಲಿನ ಎಕ್ಸ್‌ರೇ ಕೂಡ ಅದೇ ಗುಂಪಿಗೆ ಮರಳಿ ಬಂದರೆ ಕಳಿಸಿದ ತಂಡಕ್ಕೆ ತನ್ನ ಕಟ್ಟು ಹೇಗಿತ್ತೆಂದು ಗೊತ್ತಾಗುತ್ತದೆ. ಇದಕ್ಕೆ ಕ್ರೆಡಿಟ್ ಗಂಟೆ ಇಲ್ಲ.

ಕೊನೆಯ ಕೊಂಡಿ ಫಿಸಿಯೋಥೆರಪಿ. ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ ಸುಗ್ಗಿ ನೋಡಿಕೊಂಡು ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ತೋಟಕ್ಕೆ ಮಲೆನಾಡಿಗೆ ಕುಟುಂಬಗಳೇ ಹೊರಡುತ್ತವೆ. ಆರು ವಾರಕ್ಕೆ ಬನ್ನಿ ಎಂದು ಚೀಟಿಯಲ್ಲಿ ಬರೆದ ದಿನ ರೋಗಿ ಬೇರೆ ಜಿಲ್ಲೆಯ ಗದ್ದೆಯಲ್ಲಿರುತ್ತಾನೆ, ಪಟ್ಟಿಯನ್ನು ಕುಡುಗೋಲಿನಿಂದಲೇ ಬಿಚ್ಚಿಕೊಂಡಿರುತ್ತಾನೆ. ಇದನ್ನು ಬಲ್ಲ ನರ್ಸು ಬಿಡುಗಡೆಯ ದಿನವೇ ಕೇಳುತ್ತಾಳೆ: ಯಾವಾಗ ಹೊರಡ್ತೀರಿ, ಯಾವ ಊರಿಗೆ, ಅಲ್ಲಿ ಹತ್ತಿರದ ದವಾಖಾನೆ ಯಾವುದು. ಉತ್ತರವನ್ನು ಚೀಟಿಯ ಹಿಂದೆ ಬರೆದು, ಮೊಣಕಾಲು ಮಡಚುವ ವ್ಯಾಯಾಮವನ್ನು ಹೆಂಡತಿಗೂ ತೋರಿಸಿ ಕಳಿಸುತ್ತಾಳೆ.